ಡೊನೆಗಾಲ್: ಐರ್ಲೆಂಡಿನ ಬಡಗಣ ಮೂಲೆಯ ಬದುಕು, ನೆಲ, ಕಥೆ – ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ಕೆಲಸಕ್ಕೆ ಅಂತ ಐರ್ಲೆಂಡಿಗೆ ಬಂದ ಕನ್ನಡಿಗರು ಡಬ್ಲಿನ್, ಕಾರ್ಕ್, ಗಾಲ್ವೇ ನೋಡಿರುತ್ತಾರೆ. ಡೊನೆಗಾಲ್ ತನಕ ಹೋಗುವವರು ಕಡಿಮೆ. ಹೋಗಿ ಬಂದವರನ್ನು ಮಾತ್ರ ಎಲ್ಲರೂ ಹೆಚ್ಚುಕಮ್ಮಿ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ. ಅಲ್ಲಿನ ಕಥೆಗಳನ್ನು ಅಲ್ಲಿನ ಗಾಳಿ, ಸಮುದ್ರ, ಗೇಣಿಯ ಕಷ್ಟದಿಂದ ಬೇರೆ ಮಾಡಿ ಹೇಳಿದರೆ ಅವುಗಳ ಜೀವವೇ ಹೋಗುತ್ತದೆ ಅಂತ ನನ್ನ ನಂಬಿಕೆ. ಹಾಗಾಗಿ ಕೆಲವು ಉತ್ತರ ಸ್ವಲ್ಪ ಉದ್ದ.

ಡೊನೆಗಾಲ್ ಎಲ್ಲಿದೆ? ಅದು ಉತ್ತರ ಐರ್ಲೆಂಡ್ ಅಲ್ವಾ?

ಅಲ್ಲ. 1921–22ರಲ್ಲಿ ದ್ವೀಪ ಎರಡು ಪಾಲಾದಾಗ ಆರು ಕೌಂಟಿಗಳು (ಜಿಲ್ಲೆಗಳು) ಬ್ರಿಟನ್ ಜೊತೆ ಉಳಿದವು. ಅದು ಉತ್ತರ ಐರ್ಲೆಂಡ್. ಡೊನೆಗಾಲ್ ಕೌಂಟಿ ಡಬ್ಲಿನ್ ರಾಜಧಾನಿಯಾದ ಸ್ವತಂತ್ರ ಐರ್ಲೆಂಡಿನ ಕಡೆಗೆ ಬಂತು. ಆದರೆ ಇಡೀ ದ್ವೀಪದ ಬಡಗಣ ತುದಿ ಮಾಲಿನ್ ಹೆಡ್ ಇರುವುದು ಡೊನೆಗಾಲ್‌ನಲ್ಲೇ. ತನ್ನದೇ ದೇಶದ ಜೊತೆ ಈ ಕೌಂಟಿಗೆ ಇರುವ ಗಡಿ, ದಕ್ಷಿಣದಲ್ಲಿ ಲೀಟ್ರಿಮ್ ಕೌಂಟಿ ತಾಗುವ ಒಂದು ಚಿಕ್ಕ ತುಂಡು ಮಾತ್ರ. ಮಿಕ್ಕಿದ್ದೆಲ್ಲ ಒಂದೋ ಉತ್ತರ ಐರ್ಲೆಂಡ್, ಇಲ್ಲವೇ ಅಟ್ಲಾಂಟಿಕ್ ಸಮುದ್ರ.

2022ರ ಜನಗಣತಿಯಲ್ಲಿ ಸುಮಾರು 1,67,000 ಜನ. ಲೆಟರ್‌ಕೆನಿ ದೊಡ್ಡ ಊರು, ಆಡಳಿತ ಕೇಂದ್ರ ಮಾತ್ರ ಲಿಫರ್ಡ್. 1960ರ ದಶಕದಿಂದ ಈಚೆಗೆ ಕೌಂಟಿಯಲ್ಲಿ ರೈಲೇ ಇಲ್ಲ. ಹಳೆಯ ರೂಢಿಗಳು ಇಲ್ಲಿ ಜಾಸ್ತಿ ದಿನ ಉಳಿದದ್ದಕ್ಕೆ ಈ ದೂರವೂ ಒಂದು ಕಾರಣ.

ಹಳೆಯ ಕಾಲದ ಮನೆ ಹೇಗಿತ್ತು?

ಕಲ್ಲಿನ ದಪ್ಪ ಗೋಡೆ, ಸುಣ್ಣ, ಹುಲ್ಲಿನ ಮಾಡು. ಪಶ್ಚಿಮ ಕರಾವಳಿಯ ಮನೆಗಳಲ್ಲಿ ಮಾಡಿನ ಮೇಲೆ ಹಗ್ಗಗಳನ್ನು ಅಡ್ಡಡ್ಡ ಬಲೆಯ ಹಾಗೆ ಹಾಸಿ, ಗೋಡೆಯಿಂದ ಹೊರಗೆ ಚಾಚಿದ ಕಲ್ಲಿನ ಗೂಟಗಳಿಗೆ ಬಿಗಿದು ಕಟ್ಟುತ್ತಿದ್ದರು. ಇಲ್ಲದಿದ್ದರೆ ಚಳಿಗಾಲದ ಒಂದೇ ಬಿರುಗಾಳಿಗೆ ಮಾಡು ಹಾರಿಹೋಗುತ್ತಿತ್ತು. ಗ್ಲೆನ್‌ಕೊಲಮ್‌ಕಿಲ್‌ನಲ್ಲಿರುವ ಜಾನಪದ ಗ್ರಾಮದಲ್ಲಿ ಈ ಗೂಟಗಳನ್ನು ಮುಟ್ಟಿ ನೋಡಬಹುದು. ಆ ಗ್ರಾಮ ಶುರುವಾದದ್ದು 1967ರಲ್ಲಿ. ಊರಿನ ಪಾದ್ರಿ ಜೇಮ್ಸ್ ಮೆಕ್‌ಡಯರ್, ಯುವಕರೆಲ್ಲ ಊರು ಬಿಟ್ಟು ಹೋಗುತ್ತಿದ್ದಾರೆ, ಇಲ್ಲೇ ಏನಾದರೂ ದುಡಿಮೆ ಹುಟ್ಟಿಸಬೇಕು ಅಂತ ಊರವರನ್ನು ಸೇರಿಸಿ ಕಟ್ಟಿಸಿದರು.

ಮನೆಯ ನಡುವೆ ಒಲೆ. ಅದರ ಪಕ್ಕದಲ್ಲೇ ಗೋಡೆ ಹೊರಗೆ ಉಬ್ಬಿದ ಹಾಗೆ ಒಂದು ಗೂಡು, ಅದರಲ್ಲಿ ಹಾಸಿಗೆ. ಬೆಚ್ಚಗಿನ ಆ ಜಾಗ ಹೆಚ್ಚಾಗಿ ಮನೆಯ ಹಿರಿಯರಿಗೆ. ಬಡವರ ಮನೆಯಲ್ಲಿ ಹಸುವೂ ಅದೇ ಸೂರಿನಡಿ, ಒಂದು ತುದಿಯಲ್ಲಿ.

ಒಲೆ ಆರಬಾರದು. ರಾತ್ರಿ ಮಲಗುವ ಮುಂಚೆ ಮನೆಯಾಕೆ ಉಳಿದ ಕೆಂಡಗಳನ್ನು ಒಟ್ಟುಮಾಡಿ, ಬೂದಿ ಮುಚ್ಚಿ, ಸಂತ ಬ್ರಿಜಿಡ್ ಹೆಸರಿನಲ್ಲಿ ಒಂದು ಪ್ರಾರ್ಥನೆ ಹೇಳುತ್ತಿದ್ದಳು. ಬೆಳಿಗ್ಗೆ ಬೂದಿ ಕೆದಕಿ ಅದೇ ಕೆಂಡದಿಂದ ಬೆಂಕಿ. ಬೆಂಕಿಕಡ್ಡಿ ಬಂದ ಮೇಲೂ ಈ ರೂಢಿ ಬಿಡಲಿಲ್ಲ.

ಸೌದೆ ಎಲ್ಲಿಂದ? ಅಲ್ಲಿ ಮರಗಳೇ ಕಾಣುವುದಿಲ್ಲವಲ್ಲ?

ಸರಿಯಾದ ಪ್ರಶ್ನೆ. ಉರುವಲು ಅಂದರೆ ಅಲ್ಲಿ ಟರ್ಫ್. ಮಳೆ ಜಾಸ್ತಿ, ನೀರು ಇಂಗದ ನೆಲ. ಪಾಚಿ, ಹುಲ್ಲು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಒಂದರ ಮೇಲೊಂದು ಕೂತು ಆದ ಕಪ್ಪು ಮಣ್ಣು ಅದು. ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಮಿಲಿಮೀಟರ್.

ಏಪ್ರಿಲ್–ಮೇನಲ್ಲಿ ಕೆಲಸ ಶುರು. ಸ್ಲಾನ್ ಅನ್ನುವ ಸಲಿಕೆಗೆ ಪಕ್ಕದಲ್ಲಿ ಒಂದು ರೆಕ್ಕೆ ಇರುತ್ತದೆ, ಹಾಗಾಗಿ ಒಂದೇ ಏಟಿಗೆ ಇಟ್ಟಿಗೆಯಂಥ ಹೆಂಟೆ ಕಡಿದು ಬರುತ್ತದೆ. ಹಸಿ ಹೆಂಟೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಒಬ್ಬ ಕಡಿದರೆ ಇನ್ನೊಬ್ಬ ಎತ್ತಿ ಹಾಸುತ್ತಾನೆ. ವಾರಗಳಾದ ಮೇಲೆ ಐದಾರು ಹೆಂಟೆಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಬೇಕು, ನಡುವೆ ಗಾಳಿ ಆಡಬೇಕು. ಬಗ್ಗಿ ಬಗ್ಗಿ ಮಾಡುವ ಈ ಕೆಲಸ ಹೆಂಗಸರು, ಮಕ್ಕಳ ಪಾಲು. ಬೇಸಿಗೆ ಕೊನೆಗೆ ಒಣಗಿದ್ದನ್ನು ಮನೆಗೆ ಸಾಗಿಸಿ ಬಣವೆ ಒಟ್ಟುತ್ತಾರೆ. ಕಡಿಯುವಾಗ ಒಮ್ಮೊಮ್ಮೆ ನೂರಾರು ವರ್ಷದ ಹಿಂದೆ ಯಾರೋ ಹೂತಿಟ್ಟ ಬೆಣ್ಣೆ ಮರದ ಡಬ್ಬಿ ಸಮೇತ ಸಿಗುವುದುಂಟು. ಜೌಗಿನಲ್ಲಿ ಗಾಳಿಯಾಡುವುದಿಲ್ಲ, ಅದಕ್ಕೆ ಕೆಡುವುದೂ ಇಲ್ಲ.

ಈಗ ಇದರ ಬಗ್ಗೆ ಜಗಳವಿದೆ. ಈ ನೆಲ ಅಪಾರ ಇಂಗಾಲವನ್ನು ಹಿಡಿದಿಟ್ಟುಕೊಂಡಿದೆ, ಕಡಿದರೆ ಅದು ಗಾಳಿಗೆ ಸೇರುತ್ತದೆ. 2022ರ ಅಕ್ಟೋಬರ್ ಕೊನೆಯಿಂದ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಟರ್ಫ್ ಮಾರುವಂತಿಲ್ಲ. ಕಡಿಯುವ ಹಕ್ಕು ಮೊದಲಿಂದ ಇದ್ದವರು ತಮ್ಮ ಮನೆಗೆ ಕಡಿದುಕೊಳ್ಳಬಹುದು. ನನಗೆ ಈ ಏರ್ಪಾಡು ನ್ಯಾಯ ಅನ್ನಿಸುತ್ತದೆ. ಯಂತ್ರ ಹಾಕಿ ಬೆಟ್ಟವನ್ನೇ ಸಿಗಿಯುವುದು ಬೇರೆ, ಒಬ್ಬ ಮುದುಕ ತನ್ನ ಒಲೆಗೆ ಬೇಕಾದಷ್ಟು ಕಡಿಯುವುದು ಬೇರೆ.

ಏನು ತಿನ್ನುತ್ತಿದ್ದರು?

ಆಲೂಗಡ್ಡೆ, ಓಟ್ಸ್, ಮಜ್ಜಿಗೆ. ಕರಾವಳಿಯಲ್ಲಿ ಉಪ್ಪು ಹಾಕಿ ಒಣಗಿಸಿದ ಮೀನು. ಬಂಡೆಗಳಿಂದ ಕಿತ್ತು ಒಣಗಿಸಿದ ಡಲ್ಸ್ ಅನ್ನುವ ಕೆಂಪು ಕಡಲಪಾಚಿಯನ್ನು ಈಗಲೂ ಸುಮ್ನೆ ಬಾಯಾಡಿಸಲು ತಿನ್ನುತ್ತಾರೆ. ಕ್ಯಾರಗೀನ್ ಅನ್ನುವ ಇನ್ನೊಂದು ಪಾಚಿಯನ್ನು ಹಾಲಲ್ಲಿ ಕುದಿಸಿ ಕೆಮ್ಮು ನೆಗಡಿಗೆ ಕೊಡುತ್ತಾರೆ. ತುರಿದ ಹಸಿ ಆಲೂಗಡ್ಡೆಯಿಂದ ಮಾಡುವ ಬಾಕ್ಸ್‌ಟಿ ಸಿಕ್ಕಿದರೆ ಬಿಡಬೇಡಿ.

ಅಲ್ಲಿನವರು ನಿಜವಾಗಿಯೂ ಫೇರಿಗಳನ್ನು ನಂಬುತ್ತಾರಾ?

ನೇರವಾಗಿ ಕೇಳಿದರೆ ಇಲ್ಲ ಅನ್ನುತ್ತಾರೆ. ಆದರೆ ಹೊಲದ ಮಧ್ಯೆ ಒಂಟಿಯಾಗಿ ನಿಂತ ಹಾಥಾರ್ನ್ ಮುಳ್ಳಿನ ಗಿಡವನ್ನು ಕಡಿ ಅಂದರೆ ಕಡಿಯುವುದಿಲ್ಲ, ಅದು ಫೇರಿಗಳ ಗಿಡ ಅಂತ. ಟ್ರ್ಯಾಕ್ಟರ್ ಅದರ ಸುತ್ತ ಬಳಸಿಕೊಂಡು ಹೋಗುತ್ತದೆ.

ಚಿತ್ರಪುಸ್ತಕದ ರೆಕ್ಕೆಯ ಪುಟ್ಟ ಹುಡುಗಿಯರನ್ನು ಮೊದಲು ಮರೆತುಬಿಡಿ. ಇಲ್ಲಿನ ನಂಬಿಕೆಯಲ್ಲಿ ಅವರು ನಮ್ಮ ಹಾಗೇ ಮನೆ, ಹಸು, ಮದುವೆ, ಜಗಳ ಎಲ್ಲ ಇರುವ ನೆರೆಹೊರೆಯವರು. ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಹೆಸರು ಹಿಡಿದು ಕರೆಯಬಾರದು, 'ಒಳ್ಳೆಯ ಜನ' ಅನ್ನಬೇಕು. ರಾತ್ರಿ ಅಂಗಳಕ್ಕೆ ನೀರು ಚೆಲ್ಲುವ ಮುಂಚೆ ಕೂಗಿ ಎಚ್ಚರಿಸಬೇಕು, ಯಾರ ಮೈಮೇಲಾದರೂ ಬಿದ್ದೀತು. ಅವರು ಓಡಾಡುವ ದಾರಿಯ ಮೇಲೆ ಮನೆ ಕಟ್ಟಬಾರದು. ಹಳೆಯ ಕಾಲದ ದುಂಡನೆಯ ಮಣ್ಣುಕೋಟೆಗಳು ಅವರ ಮನೆ, ಅಲ್ಲಿ ಉಳಬಾರದು. ಆ ಭಯದಿಂದಲೇ ಸಾವಿರ ವರ್ಷಕ್ಕೂ ಹಳೆಯದಾದ ಎಷ್ಟೋ ಕೋಟೆಗಳು ನೇಗಿಲಿಗೆ ಸಿಗದೆ ಉಳಿದವು.

ಇದರಲ್ಲಿ ಕರಾಳ ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಮಗು ಇದ್ದಕ್ಕಿದ್ದಂತೆ ಸೊರಗಿದರೆ, ನಮ್ಮ ಮಗುವನ್ನು ಅವರು ಕದ್ದು ಬೇರೆ ಯಾವುದನ್ನೋ ತೊಟ್ಟಿಲಲ್ಲಿ ಇಟ್ಟಿದ್ದಾರೆ ಅಂದುಕೊಳ್ಳುತ್ತಿದ್ದರು. ಗಂಡುಮಕ್ಕಳನ್ನೇ ಹೆಚ್ಚು ಕದಿಯುತ್ತಾರೆ ಅಂತ ಪಶ್ಚಿಮ ಕರಾವಳಿಯಲ್ಲಿ ಹುಡುಗರಿಗೂ ಲಂಗ ತೊಡಿಸುತ್ತಿದ್ದರು. ಔಷಧಿ ಇಲ್ಲದ ಊರಲ್ಲಿ ಕೂಸುಗಳು ಸಾಯುತ್ತಿದ್ದವು. ತಾಯಂದಿರಿಗೆ ಆ ಸಂಕಟಕ್ಕೆ ಒಂದು ಕಾರಣ ಬೇಕಿತ್ತು.

ಬಾಲೋರ್ ಯಾರು?

ಹಳೆಯ ಕಥೆಗಳಲ್ಲಿ ಬರುವ, ಡೊನೆಗಾಲ್ ಕರಾವಳಿಯಾಚೆಯ ಟೋರಿ ದ್ವೀಪದ ಒಡೆಯ. ಅವನಿಗೊಂದು ಕೆಟ್ಟ ಕಣ್ಣು, ಅದನ್ನು ತೆರೆದು ನೋಡಿದರೆ ಎದುರಿದ್ದವರು ಸತ್ತಂತೆ. ಮೊಮ್ಮಗನ ಕೈಯಲ್ಲೇ ಸಾವು ಅಂತ ಭವಿಷ್ಯವಿತ್ತು. ಹಾಗಾಗಿ ಒಬ್ಬಳೇ ಮಗಳು ಎಥ್ನಿಯಾಳನ್ನು ದ್ವೀಪದ ಕಡಿದಾದ ಬಂಡೆಯ ಮೇಲೆ ಗೋಪುರದಲ್ಲಿ ಕೂಡಿಹಾಕಿದ. ಎದುರು ದಡದಲ್ಲಿ ಮಕಿನೀಲಿ ಅನ್ನುವವನ ಬಳಿ ಒಂದು ಹಸು, ಎಷ್ಟು ಕರೆದರೂ ಹಾಲು ಬತ್ತದು. ಬಾಲೋರ್ ಅದನ್ನು ಕದ್ದ. ಹಸು ಹುಡುಕಿಕೊಂಡು ಬಂದ ಮಕಿನೀಲಿ ಗೋಪುರ ಹತ್ತಿ ಎಥ್ನಿಯಾಳನ್ನು ಸೇರಿದ. ಹುಟ್ಟಿದ ಮಕ್ಕಳನ್ನು ಬಾಲೋರ್ ಸಮುದ್ರಕ್ಕೆ ಎಸೆಸಿದ, ಒಂದು ಉಳಿಯಿತು. ಮಕಿನೀಲಿಯ ತಲೆಯನ್ನು ಒಂದು ಬಿಳಿ ಕಲ್ಲಿನ ಮೇಲಿಟ್ಟು ಕಡಿದ. ಉಳಿದ ಮಗು ಕಮ್ಮಾರನ ಮನೆಯಲ್ಲಿ ಬೆಳೆದು, ಕೊನೆಗೆ ಅಜ್ಜನ ಆ ಕಣ್ಣಿಗೇ ತಿವಿಯಿತು.

ಕಥೆ ನಡೆದ ಜಾಗಗಳನ್ನೆಲ್ಲ ಇವತ್ತೂ ತೋರಿಸುತ್ತಾರೆ. ಫಾಲ್ಕರಾ ಊರಿನ ಬಳಿ ಕೆಂಪು ಗೆರೆ ಹರಿದ ಬಿಳಿ ಕಲ್ಲಿದೆ, ಆ ಗೆರೆ ಮಕಿನೀಲಿಯ ರಕ್ತ. ಎರಿಗಲ್ ಬೆಟ್ಟದ (751 ಮೀಟರ್, ಕೌಂಟಿಯಲ್ಲೇ ಎತ್ತರ) ಬುಡದ ಕಣಿವೆಗೆ ವಿಷದ ಕಣಿವೆ ಅಂತ ಹೆಸರು, ಬಾಲೋರನ ಕಣ್ಣಿನ ವಿಷ ಹರಿದದ್ದು ಅಲ್ಲಿಗಂತೆ.

ಟೋರಿ ದ್ವೀಪಕ್ಕೆ ರಾಜ ಇದ್ದಾನಂತೆ, ನಿಜವಾ?

ಇದ್ದ. ಕಾನೂನಿನ ಅಧಿಕಾರವೇನೂ ಇಲ್ಲ, ದ್ವೀಪದವರೇ ಒಪ್ಪಿ ಕೊಡುವ ಪಟ್ಟ. ಕೊನೆಯ ರಾಜ ಪ್ಯಾಟ್ಸಿ ಡ್ಯಾನ್ ರಾಜರ್ಸ್ 2018ರಲ್ಲಿ ತೀರಿಕೊಂಡರು. ಚಿತ್ರ ಬರೆಯುತ್ತಿದ್ದರು, ಅಕಾರ್ಡಿಯನ್ ನುಡಿಸುತ್ತಿದ್ದರು. ದೋಣಿ ಬಂದಾಗ ಕಟ್ಟೆಗೆ ಹೋಗಿ ಬಂದವರಿಗೆಲ್ಲ ಕೈಕುಲುಕುತ್ತಿದ್ದರು. ಸರ್ಕಾರದ ಬಾಗಿಲಲ್ಲಿ ದ್ವೀಪದ ಪರವಾಗಿ ಮಾತಾಡುವುದೂ ಅವರ ಕೆಲಸವೇ ಆಗಿತ್ತು.

ದಡದಿಂದ ಹನ್ನೆರಡು ಹದಿನಾಲ್ಕು ಕಿಲೋಮೀಟರ್ ದೂರ, ಸುಮಾರು 140 ಜನ. ಚಳಿಗಾಲದಲ್ಲಿ ಎಷ್ಟೋ ದಿನ ದೋಣಿ ಹೊರಡುವುದೇ ಇಲ್ಲ. ಇಲ್ಲಿಯ ಮಣ್ಣು ಒಯ್ದು ಮನೆಯಲ್ಲಿಟ್ಟರೆ ಇಲಿ ಬರುವುದಿಲ್ಲ ಅನ್ನುವ ನಂಬಿಕೆಯಿದೆ. ಡುಗನ್ ಮನೆತನದ ಹಿರಿಯರೇ ಆ ಮಣ್ಣನ್ನು ಕೊಡಬೇಕು, ಅದೂ ಪುಕ್ಕಟೆ.

ಶಾಪದ ಕಲ್ಲಿನ ಕಥೆಯನ್ನು ಮಾತ್ರ ಕೇಳಲೇಬೇಕು. 1884ರ ಸೆಪ್ಟೆಂಬರ್ 22ರಂದು ವಾಸ್ಪ್ ಎಂಬ ಬ್ರಿಟಿಷ್ ಯುದ್ಧನೌಕೆ ಟೋರಿಯ ದೀಪಸ್ತಂಭದ ಕೆಳಗಿನ ಬಂಡೆಗೆ ಬಡಿದು ಮುಳುಗಿತು. ಐವತ್ತರಷ್ಟು ಜನ ಸತ್ತರು, ಉಳಿದವರು ಆರೇ ಜನ. ಹಡಗು ಹೊರಟಿದ್ದು ಬೇರೊಂದು ದ್ವೀಪದ ಬಡವರನ್ನು ಒಕ್ಕಲೆಬ್ಬಿಸುವ ಕೆಲಸಕ್ಕೆ. ನಮ್ಮ ಮೇಲೇ ಬರುತ್ತಿದೆ ಅಂತ ಟೋರಿಯವರು ಶಾಪದ ಕಲ್ಲು ತಿರುಗಿಸಿದರು ಅನ್ನುತ್ತದೆ ಕಥೆ. ಹಡಗು ನಡೆಸಿದವರ ಅಜಾಗರೂಕತೆ ಅಂದಿತು ನೌಕಾಪಡೆಯ ವಿಚಾರಣೆ. ಗೇಣಿ ಕಟ್ಟಲಾಗದ, ಬಂದೂಕೂ ಇಲ್ಲದ ಜನರ ಕೈಯಲ್ಲಿ ಇದ್ದದ್ದು ಆ ಕಲ್ಲೊಂದೇ. ಅದು ಕೆಲಸ ಮಾಡಿತು ಅಂತ ಅವರು ನಂಬಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಗ್ಲೆನ್‌ವೇ ಕೋಟೆ ಅಷ್ಟು ಚೆಂದ ಇದೆ. ಅದರ ಬಗ್ಗೆ ಊರವರು ಯಾಕೆ ಮುಖ ಗಂಟಿಕ್ಕುತ್ತಾರೆ?

ಆ ಕಣಿವೆ ಯಾಕೆ ಖಾಲಿಯಿದೆ ಅಂತ ಅವರಿಗೆ ಗೊತ್ತು. ಜಾನ್ ಜಾರ್ಜ್ ಅಡೇರ್ ಎಂಬ ಜಮೀನುದಾರ ಈ ನೆಲ ಕೊಂಡ. ಒಕ್ಕಲುಗಳ ಜೊತೆ ಕುರಿ, ಬೇಲಿ, ಬೇಟೆ ಅಂತ ಜಗಳ. 1860ರ ನವೆಂಬರ್‌ನಲ್ಲಿ ಅವನ ಮೇಸ್ತ್ರಿಯ ಕೊಲೆಯಾಯಿತು. ಕೊಂದವನು ಸಿಗಲಿಲ್ಲ, ಇಡೀ ಊರಿಗೇ ಶಿಕ್ಷೆ. 1861ರ ಏಪ್ರಿಲ್‌ನಲ್ಲಿ ಮೂರು ದಿನದಲ್ಲಿ 244 ಜನರನ್ನು ಮನೆಯಿಂದ ಹೊರಗೆ ಹಾಕಿ, ಎಷ್ಟೋ ಮನೆಗಳ ಮಾಡು ಕಿತ್ತು ಗೋಡೆ ಕೆಡವಿದರು. ಕೆಲವರು ಲೆಟರ್‌ಕೆನಿಯ ವರ್ಕ್‌ಹೌಸ್ (ನಿರ್ಗತಿಕರ ದುಡಿಮೆಮನೆ) ಸೇರಿದರು, ಹಲವು ಯುವಕ ಯುವತಿಯರು ಆಸ್ಟ್ರೇಲಿಯಾಕ್ಕೆ ಹೋದರು. ಕೋಟೆ ಎದ್ದದ್ದು ಆಮೇಲೆ, 1870ರ ಸುಮಾರಿಗೆ. ಅಡೇರ್‌ಗೆ ಮಕ್ಕಳಾಗಲಿಲ್ಲ. ಅದು ಬೀದಿಗೆ ಬಿದ್ದ ಹೆಂಗಸರ ಶಾಪ ಅಂತ ಜನ ಹೇಳುತ್ತಾರೆ.

ಊರು ಬಿಟ್ಟು ಹೋಗುವುದು ಅಷ್ಟು ಸಾಮಾನ್ಯವಾಗಿತ್ತಾ?

ಅದೇ ಬದುಕಾಗಿತ್ತು. ಪಶ್ಚಿಮದ ನೆಲ ಕಲ್ಲು, ಜೌಗು. ಪೂರ್ವಕ್ಕೆ ಲಗನ್ ಅನ್ನುವ ಒಳ್ಳೆಯ ಬಯಲು. ಮೇ ಮತ್ತು ನವೆಂಬರ್‌ನಲ್ಲಿ ಲೆಟರ್‌ಕೆನಿ, ಸ್ಟ್ರಬೇನ್, ಡೆರಿ ಊರುಗಳಲ್ಲಿ ಆಳುಗಳ ಸಂತೆ ನಡೆಯುತ್ತಿತ್ತು. ಮಕ್ಕಳೂ ಬೀದಿಯಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ರೈತರು ತೋಳು ಹಿಸುಕಿ ನೋಡಿ, ಚೌಕಾಸಿ ಮಾಡಿ ಆರು ತಿಂಗಳಿಗೆ ಕರೆದೊಯ್ಯುತ್ತಿದ್ದರು. ಐರಿಷ್ ಬಿಟ್ಟು ಬೇರೆ ಮಾತು ಬಾರದ ಮಗು, ಇಂಗ್ಲಿಷ್ ಮಾತ್ರ ಗೊತ್ತಿರುವ ಮನೆ. ಇಪ್ಪತ್ತನೇ ಶತಮಾನ ಶುರುವಾಗಿ ಎಷ್ಟೋ ವರ್ಷ ಇದು ನಡೆದಿತ್ತು.

ದೊಡ್ಡವರಾದ ಮೇಲೆ ಸ್ಕಾಟ್ಲೆಂಡ್‌ಗೆ ಆಲೂಗಡ್ಡೆ ಕೀಳಲು. 1935ರ ನವೆಂಬರ್ 9ರಂದು ಹಾಗೆ ದುಡಿದು ವಾಪಸ್ ಬರುತ್ತಿದ್ದವರ ದೋಣಿ ಅರನ್ಮೋರ್ ದ್ವೀಪದ ಹತ್ತಿರ ಬಂಡೆಗೆ ಬಡಿದು, ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನ ಸತ್ತರು. ಮನೆ ಕಣ್ಣಳತೆಯಲ್ಲೇ ಇತ್ತು.

ಗಾರ್ಟನ್‌ನಲ್ಲಿ ಒಂದು ಚಪ್ಪಡಿ ಕಲ್ಲಿದೆ. ಸಂತ ಕೊಲಮ್‌ಕಿಲ್ 521ರಲ್ಲಿ ಹುಟ್ಟಿದ್ದು ಆ ಊರಲ್ಲಿ ಎನ್ನುತ್ತದೆ ಸಂಪ್ರದಾಯ. 563ರಲ್ಲಿ ಅವನೂ ಊರು ಬಿಟ್ಟು ಸ್ಕಾಟ್ಲೆಂಡಿನ ಅಯೋನಾ ದ್ವೀಪಕ್ಕೆ ಹೋದವನೇ. ಹಾಗಾಗಿ ಆ ಕಲ್ಲಿನ ಮೇಲೆ ಒಂದು ರಾತ್ರಿ ಮಲಗಿದರೆ ಊರಿನ ನೆನಪು ಅಷ್ಟಾಗಿ ಕಾಡುವುದಿಲ್ಲ ಅಂತ ನಂಬಿಕೆ. ಅಮೆರಿಕದ ಹಡಗು ಹತ್ತುವ ಮುಂಚೆ ಜನ ಅಲ್ಲಿಗೆ ಬಂದು ಮಲಗುತ್ತಿದ್ದರು. ಡೊನೆಗಾಲ್‌ನಲ್ಲಿ ಒಂದೇ ಜಾಗ ನೋಡುವಷ್ಟು ಸಮಯವಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಹಬ್ಬಗಳು?

ಜನವರಿ 31ರ ರಾತ್ರಿ ಬ್ರಿಜಿಡ್ ಹಬ್ಬ. ಮನೆಯ ಒಬ್ಬ ಹುಡುಗಿ ಜೊಂಡುಹುಲ್ಲಿನ ಕಟ್ಟು ಹಿಡಿದು ಹೊರಗೆ ನಿಲ್ಲುತ್ತಾಳೆ. ಬಾಗಿಲ ಆಚೆಯಿಂದ ಮೂರು ಸಲ ಕೂಗುತ್ತಾಳೆ: ಮೊಣಕಾಲೂರಿ, ಕಣ್ಣು ತೆರೆಯಿರಿ, ಬ್ರಿಜಿಡ್‌ಳನ್ನು ಒಳಗೆ ಕರೆಯಿರಿ. ಒಳಗಿದ್ದವರು ಬಾ ತಾಯಿ ಬಾ ಅನ್ನುತ್ತಾರೆ. ಊಟ ಆದ ಮೇಲೆ ಎಲ್ಲರೂ ಕೂತು ಆ ಹುಲ್ಲಿನಿಂದ ಶಿಲುಬೆ ಹೆಣೆದು ಬಾಗಿಲ ಮೇಲೆ, ಕೊಟ್ಟಿಗೆಯಲ್ಲಿ ಸಿಕ್ಕಿಸುತ್ತಾರೆ. ಒಂದು ಬಟ್ಟೆಯನ್ನು ರಾತ್ರಿಯಿಡೀ ಹೊರಗೆ ಇಡುತ್ತಾರೆ. ಇಬ್ಬನಿ ತಾಗಿದ ಆ ಬಟ್ಟೆ ತಲೆನೋವಿಗೆ, ಕರು ಹಾಕುವ ಹಸುವಿಗೆ. 2023ರಿಂದ ಈ ಹಬ್ಬಕ್ಕೆ ದೇಶಕ್ಕೆಲ್ಲ ರಜೆ.

ಮೇ ಒಂದರಂದು ಬೆಂಕಿ, ಹಾಲು, ಉಪ್ಪು ಯಾರಿಗೂ ಸಾಲ ಕೊಡಬಾರದು, ಕೊಟ್ಟರೆ ವರ್ಷದ ಬೆಣ್ಣೆಯೆಲ್ಲ ಅವರ ಪಾಲು. ಮೊಲದ ರೂಪದಲ್ಲಿ ಬಂದು ಹಸುವಿನ ಹಾಲು ಹೀರುವ ಮುದುಕಿಯ ಕಥೆ ಇದೇ ದಿನಕ್ಕೆ ಸೇರಿದ್ದು. ಜೂನ್ 23ಕ್ಕೆ ಬೆಟ್ಟದ ಮೇಲೆ ಬೆಂಕಿ. ಅಕ್ಟೋಬರ್ 31ಕ್ಕೆ ಹ್ಯಾಲೋವೀನ್. ಅದು ಹುಟ್ಟಿದ್ದೇ ಈ ಕಡೆ, ಮೊದಲು ಕುಂಬಳಕಾಯಿ ಅಲ್ಲ, ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು.

ಹರಕೆ, ಯಾತ್ರೆ?

ಕಿಲ್ಮಕ್ರೆನನ್ ಹತ್ತಿರ ಡೂನ್ ಬಾವಿ ಇದೆ. ಪಕ್ಕದ ಗಿಡದ ತುಂಬ ಬಟ್ಟೆ ಚೂರು, ಜಪಮಾಲೆ. ಕಾಯಿಲೆಯವರ ಬಟ್ಟೆಯ ಚೂರು ಕಟ್ಟಿ, ಬರಿಗಾಲಲ್ಲಿ ಸುತ್ತು ಹಾಕಿ, ನೀರು ಒಯ್ಯುತ್ತಾರೆ. ಜೂನ್ 9ರಂದು ಗ್ಲೆನ್‌ಕೊಲಮ್‌ಕಿಲ್‌ನಲ್ಲಿ ಕಲ್ಲುಗಳಿರುವ ಹದಿನೈದು ಪ್ರಾರ್ಥನೆಯ ತಾಣಗಳನ್ನು ಸುತ್ತುತ್ತಾರೆ. ಅದರಲ್ಲಿ ಕೆಲವು ಕ್ರೈಸ್ತ ಧರ್ಮಕ್ಕಿಂತ ಹಳೆಯ ಕಲ್ಲುಗಳು. ಎಲ್ಲಕ್ಕಿಂತ ಕಠಿಣ ಲಾಕ್ ಡರ್ಗ್ ಸರೋವರದ ದ್ವೀಪ. ಮೂರು ದಿನ ಬರಿಗಾಲು, ಒಂದು ಇಡೀ ರಾತ್ರಿ ಜಾಗರಣೆ, ತಿನ್ನಲು ಒಣ ಬ್ರೆಡ್ಡು, ಹಾಲಿಲ್ಲದ ಚಹಾ. ಈಗಲೂ ಪ್ರತಿ ಬೇಸಿಗೆ ಜನ ಹೋಗುತ್ತಾರೆ.

ಯಾವ ಪ್ರಾಣಿ, ಪಕ್ಷಿ ನೋಡಬಹುದು?

ಐರ್ಲೆಂಡಿನಲ್ಲಿ ಪೂರ್ತಿ ಅಳಿದಿದ್ದ ಗೋಲ್ಡನ್ ಈಗಲ್ ಅನ್ನುವ ದೊಡ್ಡ ಹದ್ದನ್ನು 2001ರಲ್ಲಿ ಸ್ಕಾಟ್ಲೆಂಡಿನಿಂದ ಮರಿ ತಂದು ಗ್ಲೆನ್‌ವೇಯಲ್ಲಿ ಬಿಟ್ಟರು. 2007ರಲ್ಲಿ ಇಲ್ಲೇ ಹುಟ್ಟಿದ ಮರಿ ಹಾರಿತು. ಆ ಕಣಿವೆಯಲ್ಲಿ ಕೆಂಪು ಜಿಂಕೆಗಳ ದೊಡ್ಡ ಹಿಂಡೂ ಇದೆ. ಚಳಿಗಾಲಕ್ಕೆ ಲಾಕ್ ಸ್ವಿಲಿ ಬಳಿಯ ಇಂಚ್‌ಗೆ ಐಸ್‌ಲ್ಯಾಂಡಿನ ಹಂಸ, ಗ್ರೀನ್‌ಲ್ಯಾಂಡಿನ ಹೆಬ್ಬಾತುಗಳು ಬರುತ್ತವೆ.

ಆದರೆ ನನ್ನ ಜೀವ ಇರುವುದು ಕಾರ್ನ್‌ಕ್ರೇಕ್ ಅನ್ನುವ ಹಕ್ಕಿಯ ಮೇಲೆ. ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ ಕ್ರೆಕ್ಸ್ ಕ್ರೆಕ್ಸ್ ಅಂತ ರಾತ್ರಿಯಿಡೀ ಕೂಗುತ್ತದೆ. ಆಫ್ರಿಕಾದಿಂದ ಹಾರಿ ಬಂದು ಹುಲ್ಲುಗಾವಲಲ್ಲಿ ಮೊಟ್ಟೆ ಇಡುತ್ತದೆ. ಕುಡುಗೋಲಿನ ಕಾಲದಲ್ಲಿ ತಡವಾಗಿ, ನಿಧಾನವಾಗಿ ಕೊಯ್ಯುತ್ತಿದ್ದರು, ಮರಿಗಳು ಓಡಿ ತಪ್ಪಿಸಿಕೊಳ್ಳುತ್ತಿದ್ದವು. ಯಂತ್ರ ಬಂತು, ಕೊಯ್ಲು ಬೇಗ ಶುರುವಾಯಿತು. ಅಂಚಿನಿಂದ ಸುತ್ತುತ್ತಾ ಒಳಗೆ ಬಂದರೆ ಮರಿಗಳೆಲ್ಲ ನಡುವೆ ಸಿಕ್ಕಿಬಿದ್ದು ಸಾಯುತ್ತವೆ. ಈಗ ಟೋರಿ, ಇನಿಶ್‌ಬೋಫಿನ್ ದ್ವೀಪಗಳಲ್ಲಿ, ಕರಾವಳಿಯ ಕೆಲವು ಕಡೆ ಮಾತ್ರ ಉಳಿದಿದೆ. ರೈತರಿಗೆ ಹಣ ಕೊಟ್ಟು ಕೊಯ್ಲು ಮುಂದಕ್ಕೆ ಹಾಕಿಸುತ್ತಾರೆ. ನಡುವಿನಿಂದ ಹೊರಕ್ಕೆ ಕೊಯ್ಯಲು, ಬದುವಿನಲ್ಲಿ ತುರಿಕೆ ಗಿಡ ಉಳಿಸಲು ಹೇಳುತ್ತಾರೆ. ವಸಂತದಲ್ಲಿ ಹುಲ್ಲು ಗಿಡ್ಡ ಇರುವಾಗ ಬಂದ ಹಕ್ಕಿಗೆ ಅಡಗಲು ಆ ತುರಿಕೆ ಗಿಡವೇ ಗತಿ.

ಸಂಗೀತ, ನೇಯ್ಗೆ ಈಗಲೂ ಇದೆಯಾ?

ಇದೆ. ಇಲ್ಲಿಯ ಪಿಟೀಲಿಗೆ ಬಿರುಸು ಜಾಸ್ತಿ, ಸ್ಕಾಟ್ಲೆಂಡಿಗೆ ದುಡಿಯಲು ಹೋದವರು ತಂದ ಮಟ್ಟುಗಳೂ ಸೇರಿವೆ. ಜಾನ್ ಡೋಹರ್ಟಿ (1980ರಲ್ಲಿ ತೀರಿಕೊಂಡರು) ಊರೂರು ತಿರುಗುತ್ತಿದ್ದ ಕಲಾಯಿ ಕಸುಬಿನ ಮನೆತನದವರು. ಆ ಮನೆತನದವರು ತಗಡಿನಲ್ಲೇ ಪಿಟೀಲು ಮಾಡುತ್ತಿದ್ದರು. ಆರ್ಡ್ರಾ, ಕಿಲ್ಕಾರ್ ಊರುಗಳಲ್ಲಿ ಟ್ವೀಡ್ ಬಟ್ಟೆಯನ್ನು ಇನ್ನೂ ಕೈಮಗ್ಗದಲ್ಲಿ ನೇಯುತ್ತಾರೆ. ಹಿಂದೆ ಅದರ ಕಂದು ಬಣ್ಣಕ್ಕೆ ಬಂಡೆಯ ಮೇಲಿಂದ ಕಲ್ಲುಹೂವು ಕೆರೆದು ತಂದು ಉಣ್ಣೆಯ ಜೊತೆ ಕುದಿಸುತ್ತಿದ್ದರು. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗದ್ದೇ ಅದು.

ಈ ಕಥೆಗಳೆಲ್ಲ ಹೇಗೆ ಉಳಿದವು?

ಚಳಿಗಾಲದ ರಾತ್ರಿ ನೆರೆಯವರು ಒಂದು ಮನೆಯಲ್ಲಿ ಸೇರಿ ಕಥೆ ಹೇಳುತ್ತಿದ್ದರು. ಅದಕ್ಕೆ ಅರ್ನ್ಯಾಲ್ ಅನ್ನುತ್ತಾರೆ. ವೀರರ ದೊಡ್ಡ ಕಥೆಗಳನ್ನು ಹಗಲಲ್ಲಿ ಹೇಳಬಾರದು ಅನ್ನುವ ನಿಯಮವೂ ಇತ್ತು. 1935ರಲ್ಲಿ ಐರಿಷ್ ಜಾನಪದ ಆಯೋಗ ಶುರುವಾದಾಗ ಟೀಲಿನ್‌ನ ಮೀನುಗಾರರ ಮನೆಯ ಹುಡುಗ ಶಾನ್ ಓ ಹೋಹಿ ಸಂಗ್ರಾಹಕನಾಗಿ ಸೇರಿದ. 1983ರವರೆಗೂ ಅದೇ ಕೆಲಸ. ಮೇಣದ ಸಿಲಿಂಡರ್ ಮೇಲೆ ಧ್ವನಿ ಹಿಡಿದು, ಮನೆಗೆ ಬಂದು ಒಂದೊಂದು ಮಾತನ್ನೂ ಬರೆದಿಡಬೇಕು. ಆಮೇಲೆ ಮೇಣ ಹೆರೆದು ಮತ್ತೆ ಬಳಸುತ್ತಿದ್ದರು.

1937ರಿಂದ 39ರವರೆಗೆ ಶಾಲಾಮಕ್ಕಳಿಗೇ ಈ ಕೆಲಸ ಕೊಟ್ಟರು. ಸುಮಾರು 50,000 ಮಕ್ಕಳು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಬರೆದರು. ಡೂಕಸ್ ಅನ್ನುವ ಜಾಲತಾಣದಲ್ಲಿ ಆ ಕೈಬರಹವನ್ನು ಹಾಗೇ, ಊರಿನ ಹೆಸರು ಹಾಕಿ ಹುಡುಕಿ ಓದಬಹುದು. ನಮ್ಮ ಮಕ್ಕಳಿಗೂ ಇಂಥ ಕೆಲಸ ಯಾರಾದರೂ ಕೊಡಬೇಕು ಅಂತ ನನಗೆ ತುಂಬ ಆಸೆ.

ಐರಿಷ್ ಭಾಷೆ ಮಾತಾಡುವವರು ಇದ್ದಾರಾ?

ಗ್ವೀಡೋರ್, ಟೋರಿ, ಗ್ಲೆನ್‌ಕೊಲಮ್‌ಕಿಲ್ ಕಡೆ ಅಂಗಡಿಯಲ್ಲೇ ಕೇಳಿಸುತ್ತದೆ. ರಸ್ತೆ ಫಲಕಗಳೂ ಐರಿಷ್‌ನಲ್ಲೇ, ಮ್ಯಾಪ್ ನೋಡುವಾಗ ನೆನಪಿರಲಿ. ಕಲಿಯುವ ಮನಸ್ಸಿದ್ದರೆ ಗ್ಲೆನ್‌ಕೊಲಮ್‌ಕಿಲ್‌ನಲ್ಲಿ 1984ರಿಂದ ದೊಡ್ಡವರಿಗೆ ತರಗತಿ ನಡೆಸುವ ಊಡಸ್ ಗೇಲ್ ಇದೆ.

ಡಬ್ಲಿನ್‌ನಿಂದ ಹೋಗುವುದು ಹೇಗೆ? ವೀಸಾ ತೊಂದರೆ ಇದೆಯಾ?

ಇದನ್ನು ಗಮನವಿಟ್ಟು ಓದಿ. ಡಬ್ಲಿನ್–ಲೆಟರ್‌ಕೆನಿ ನೇರ ಬಸ್ಸುಗಳು ಉತ್ತರ ಐರ್ಲೆಂಡ್ ಮೂಲಕ ಹೋಗುತ್ತವೆ. ಗಡಿಯಲ್ಲಿ ಗೇಟು ಇಲ್ಲ, ಆದರೆ ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಲಿ ಬ್ರಿಟನ್ ವೀಸಾ ಬೇಕು. ಐರ್ಲೆಂಡಿನ ಕೆಲಸದ ಪರ್ಮಿಟ್ ಇದ್ದರೆ ಸಾಲದು. ಬಸ್ಸು ಹತ್ತಿ ತಪಾಸಣೆ ಮಾಡುವುದುಂಟು. ಆ ವೀಸಾ ಇಲ್ಲದವರು ಡಬ್ಲಿನ್‌ನಿಂದ ಸ್ಲೈಗೋಗೆ ರೈಲು, ಅಲ್ಲಿಂದ ಬಂಡೋರನ್ ಮೇಲೆ ಡೊನೆಗಾಲ್ ಪೇಟೆಗೆ ಬಸ್ಸು ಹಿಡಿಯಿರಿ. ಪೂರ್ತಿ ದಾರಿ ಐರ್ಲೆಂಡ್ ಗಣರಾಜ್ಯದಲ್ಲೇ. ಡಬ್ಲಿನ್‌ನಿಂದ ಕ್ಯಾರಿಕ್‌ಫಿನ್‌ಗೆ ಸಣ್ಣ ವಿಮಾನವೂ ಇದೆ.

ಹೋದಾಗ ಏನು ಗಮನದಲ್ಲಿರಬೇಕು?

ಕುರಿ ಬೇಲಿಯ ಗೇಟು ಹೇಗಿತ್ತೋ ಹಾಗೇ ಬಿಡಿ. ಹಸಿರು ಪಾಚಿ ಹೊಳೆಯುವ ಕಡೆ ಕಾಲಿಡಬೇಡಿ, ಕೆಳಗೆ ನೀರಿರುತ್ತದೆ. ಸ್ಲೀವ್ ಲೀಗ್ ಬಂಡೆ ಸಮುದ್ರದಿಂದ ಸುಮಾರು 600 ಮೀಟರ್ ಎತ್ತರ, ಗಾಳಿ ಇರುವ ದಿನ ಅಂಚಿಗೆ ಹೋಗಬೇಡಿ. ಬಾವಿಯ ಬಳಿ ಕಟ್ಟಿದ ಬಟ್ಟೆಗಳನ್ನು ಮುಟ್ಟಬೇಡಿ, ಒಂದೊಂದೂ ಯಾರದೋ ಕಾಯಿಲೆಯ ಹರಕೆ. ಟೋರಿಗೆ ಹೋಗುವುದಾದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಕಡಲು ಕೆಟ್ಟರೆ ವಾಪಸ್ ದೋಣಿ ಇರುವುದಿಲ್ಲ.